ಕಂಬಣ್ಣನ ಕಾಲುಗಳು

ಆ ಬೀದಿಗೆ ಬಂದು ಕಂಬಣ್ಣನ ಅಂಗಡಿ ಎಲ್ಲಿ ಎಂದರೆ ಯಾರು ಬೇಕಾದರೂ ಬೆರಳು ತೋರಿಸುತ್ತಿದ್ದರು. ಬಸ್ ನಿಲ್ದಾಣದ ಕಡೆಯಿಂದ ಬಂದರೆ ಮೊದಲು ಔಷಧಿ ಅಂಗಡಿ, ಆಮೇಲೆ ಹೂವಿನ ಅಂಗಡಿ, ಅದಕ್ಕೆ ಅಂಟಿಕೊಂಡೇ ಅವನ ಕ್ಷೌರದ ಅಂಗಡಿ. ಒಂದೇ ಕುರ್ಚಿ, ಎದುರಿಗೆ ಗೋಡೆಯುದ್ದದ ಕನ್ನಡಿ, ಕನ್ನಡಿಯ ಕೆಳಗಿನ ಕಲ್ಲಿನ ಹಲಗೆಯ ಮೇಲೆ ಸೀಸೆ, ಬ್ರಷ್ಷು, ಬಾಚಣಿಗೆ, ಹಿಂದೆ ಕಾಯುವವರಿಗೆ ಒಂದು ಬೆಂಚು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಯಾರಾದರೂ ಕರೆದರೆ ಸ್ವತಃ ಅವನೇ ತಿರುಗಿ ನೋಡುತ್ತಿದ್ದನೋ ಇಲ್ಲವೋ ಅನುಮಾನ.

ಕಂಬಣ್ಣ ಎಂಬ ಹೆಸರು ಬಂದದ್ದು ಅವನ ನಿಲುವಿನಿಂದ. ಬೆಳಿಗ್ಗೆ ಬಾಗಿಲು ತೆಗೆದು ಕುರ್ಚಿಯ ಬಲಕ್ಕೆ ನಿಂತನೆಂದರೆ ಮುಗಿಯಿತು. ಗಿರಾಕಿಯ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುವನು, ಕುರ್ಚಿಯನ್ನೇ ತಿರುಗಿಸುವನು, ತಾನು ಮಾತ್ರ ಅಲುಗುತ್ತಿರಲಿಲ್ಲ. ಕೆಲಸ ಮಾಡುತ್ತಿದ್ದುದು ಮಣಿಕಟ್ಟಿನಿಂದ ಮುಂದಕ್ಕೆ ಅಷ್ಟೇ. ಕತ್ತಿ ಕೆನ್ನೆಯ ಮೇಲೆ ಹೋಗುವಾಗ ಬೆಂಚಿನ ಮೇಲೆ ಕೂತವರು ಹರಟೆ ನಿಲ್ಲಿಸಿ ನೋಡುತ್ತಿದ್ದರು. ಅವನ ಕೈಯಲ್ಲಿ ಯಾರಿಗೂ ಒಂದು ಗೀರು ಬಿದ್ದದ್ದಿಲ್ಲ. ಅದು ಅವನಿಗಿದ್ದ ಒಂದೇ ಜಂಬ.

ಆ ನಿಲುವು ಅಪ್ಪನಿಂದ ಬಂದದ್ದು. ಅಪ್ಪನೂ ಅದೇ ಕುರ್ಚಿಯ ಪಕ್ಕ ನಿಂತೇ ಬಾಳಿದವನು. ಮಗನಿಗೆ ಕಸುಬು ಕಲಿಸುವಾಗ ಊದಿದ ಬಲೂನಿಗೆ ಸೋಪಿನ ನೊರೆ ಬಳಿದು ಕೈಗೆ ಕತ್ತಿ ಕೊಟ್ಟಿದ್ದ.

"ಬಲೂನು ಒಡೀಬಾರದು, ನೊರೆ ಉಳೀಬಾರದು. ಮಣಿಕಟ್ಟು ಆಡ್ಲಿ, ಮೈ ಆಡಬಾರದು."

ಮೊದಮೊದಲು ಬಲೂನುಗಳು ಪಟಪಟ ಒಡೆದು, ನೊರೆಯೆಲ್ಲ ಹುಡುಗನ ಮುಖಕ್ಕೇ ಹಾರಿ, ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಒಂದು ದಿನ ಬಲೂನು ಒಡೆಯಲಿಲ್ಲ. ಅಪ್ಪ ತನ್ನ ಗಲ್ಲಕ್ಕೆ ತಾನೇ ನೊರೆ ಬಳಿದುಕೊಂಡು ಕುರ್ಚಿಯ ಮೇಲೆ ಕೂತು ಕಣ್ಣು ಮುಚ್ಚಿದ. ಅಪ್ಪ ಆ ಕುರ್ಚಿಯಲ್ಲಿ ಕೂತದ್ದನ್ನು ಮಗ ನೋಡಿದ್ದು ಅದೊಂದೇ ಸಲ.

ಸಂಜೆ ಮನೆಗೆ ಬಂದ ಮೇಲೆ ಅಪ್ಪ ಪ್ಯಾಂಟಿನ ಅಂಚು ಮಡಚಿ ಕಾಲು ನೀವಿಕೊಳ್ಳುತ್ತಿದ್ದ. ಮೊಣಕಾಲಿನಿಂದ ಕೆಳಕ್ಕೆ ಹಗ್ಗ ಸುತ್ತಿದಂತೆ ನೀಲಿ ಗಂಟುಗಳು. ಮಗ ಹೆದರಿ ಕೇಳಿದರೆ ನಗುತ್ತಿದ್ದ: "ಇದು ನಮ್ಮ ಕಸುಬಿನವರಿಗೆ ಕೊಡೋ ಪದಕ ಕಣೋ. ನಿನಗೂ ಬರುತ್ತೆ, ಅವಸರ ಮಾಡಬೇಡ."

ಅಪ್ಪ ಹೋದ ಮೇಲೆ ಅಂಗಡಿ ಮಗನದಾಯಿತು. ಅದಾದ ಸ್ವಲ್ಪ ಕಾಲಕ್ಕೆ ಪಕ್ಕದ ಖಾಲಿ ಮಳಿಗೆಗೆ ಹೂವಿನವಳು ಬಂದಳು. ಎರಡು ಅಂಗಡಿಗಳ ನಡುವೆ ಇದ್ದದ್ದು ಒಂದು ಹಲಗೆ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು. ಅವಳು ಬಕೆಟ್ಟುಗಳಲ್ಲಿ ಗುಲಾಬಿ, ಸೇವಂತಿಗೆ, ಲಿಲ್ಲಿ ನಿಲ್ಲಿಸಿ ಮಾರುತ್ತಿದ್ದಳು. ಬಂದ ಎರಡನೆಯ ದಿನವೇ ಬಾಗಿಲಲ್ಲಿ ನಿಂತು ಕೇಳಿದಳು:

"ಅಣ್ಣಾ, ನಿಮ್ಮ ಕತ್ತಿ ಸ್ವಲ್ಪ ಕೊಡ್ತೀರಾ?"

ಕತ್ತಿ ಕೈಯಲ್ಲಿದ್ದರೂ ಕಂಬಣ್ಣ ಬೆಚ್ಚಿದ. "ಯಾಕೆ?"

"ಗುಲಾಬಿ ದಂಟು ಕೊಯ್ಯೋಕೆ."

ಬೆಂಚಿನ ಮೇಲಿದ್ದವರು ಉಸಿರು ಬಿಗಿಹಿಡಿದರು. ಅಪ್ಪನ ಕತ್ತಿಯನ್ನು ಅವನು ಯಾರಿಗೂ ಮುಟ್ಟಲು ಬಿಟ್ಟವನಲ್ಲ.

"ಇದು ಗಡ್ಡಕ್ಕೆ ಇರೋದಮ್ಮ, ದಂಟಿಗಲ್ಲ. ಕತ್ತರಿ ಇಲ್ವಾ?"

"ಕತ್ತರಿ ಮೊಂಡಾಗಿದೆ. ಮೊಂಡು ಕತ್ತರಿ ದಂಟನ್ನ ಕತ್ತರಿಸಲ್ಲ, ಜಜ್ಜುತ್ತೆ. ಒಳಗೆ ಸಣ್ಣ ಸಣ್ಣ ಕೊಳವೆ ಇರ್ತವಲ್ಲ, ಅವು ಅಪ್ಪಚ್ಚಿ ಆದ್ರೆ ಹೂ ನೀರು ಕುಡಿಯೋದು ಹೇಗೆ? ಮಧ್ಯಾಹ್ನಕ್ಕೆಲ್ಲ ಕತ್ತು ಬಗ್ಗಿಸ್ಕೊಂಡು ನಿಲ್ತವೆ."

ಕಂಬಣ್ಣ ಕತ್ತಿ ಕೊಡಲಿಲ್ಲ. ಗಿರಾಕಿಯನ್ನು ನೊರೆಯಲ್ಲೇ ಕೂರಿಸಿ, ಅವಳ ಕತ್ತರಿ ಇಸಿದುಕೊಂಡು, ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಗೆ ಎಳೆದು, ತನ್ನ ಮುಂಗೈ ಕೂದಲ ಮೇಲೆ ಪರೀಕ್ಷೆ ಮಾಡಿ ಕೊಟ್ಟ. ಮಾರನೆಯ ದಿನವೂ ಅವಳು ಬಂದಳು. ಅದರ ಮಾರನೆಯ ದಿನವೂ. ಒಂದು ಕತ್ತರಿ ದಿನಾ ಮೊಂಡಾಗುವುದು ಹೇಗೆ ಎಂದು ಬೆಂಚಿನವರು ಅವನನ್ನು ಕಾಡಿದರು. ಆಮೇಲೆ ಒಂದು ದಿನ ಅವಳೇ ಸೋತು ಹೇಳಿದಳು: "ಇನ್ನು ಎಷ್ಟು ದಿನ ಅಂತ ಕಲ್ಲಿಗೆ ಉಜ್ಜಿ ಮೊಂಡು ಮಾಡ್ಕೊಂಡು ಬರ್ಲಿ? ನೀವಾಗಿ ಏನಾದ್ರೂ ಕೇಳೋ ಅಂದಾಜಿದೆಯಾ?"

ಹಾಗೆ ಅವರ ಮದುವೆಯಾಯಿತು. ಅಣ್ಣ ಎಂದು ಕರೆದದ್ದನ್ನು ವಾಪಸ್ ತೆಗೆದುಕೊಂಡಿದ್ದಾಳೆ ಎಂದು ಬೀದಿಯವರು ವರ್ಷಗಟ್ಟಲೆ ನಕ್ಕರು. ಹಲಗೆ ಗೋಡೆಯಲ್ಲಿ ಒಂದು ಕಿಂಡಿ ಕೊರೆಸಿ, ಆ ಕಿಂಡಿಯಲ್ಲೇ ಟೀ, ಮಾತು, ಜಗಳ ಎಲ್ಲ ಆಚೀಚೆ ಸಾಗುತ್ತಿದ್ದವು.

ಪದಕ ಬಂತು. ನಲವತ್ತು ದಾಟುವ ಹೊತ್ತಿಗೆ ಎಡಗಾಲಿನಲ್ಲಿ ಮೊದಲ ನೀಲಿ ಗೆರೆ ಎದ್ದಿತು, ಆಮೇಲೆ ಬಲಗಾಲಿನಲ್ಲೂ. ಸಂಜೆಯಾದರೆ ಕಾಲು ಮರಳು ತುಂಬಿದ ಚೀಲದ ಹಾಗೆ ಭಾರ. ಚಪ್ಪಲಿಯ ಪಟ್ಟಿ ಅಚ್ಚೊತ್ತಿ ನಿಲ್ಲುತ್ತಿತ್ತು. ಹೆಂಡತಿ ಕೇಳಿದರೆ ಅಪ್ಪನ ಮಾತನ್ನೇ ಹೇಳಿ ತೇಲಿಸಿಬಿಡುತ್ತಿದ್ದ.

"ಪದಕನಾ? ಎದೆಗೆ ಹಾಕ್ಕೊಳ್ಳೋದು ಕೇಳಿದೀನಿ, ಕಾಲಿಗೆ ಹಾಕ್ಕೊಳ್ಳೋದು ನೋಡಿಲ್ಲ. ನಡೀರಿ ಆಸ್ಪತ್ರೆಗೆ."

"ಸ್ವಲ್ಪ ನರ ಉಬ್ಬಿದೆ ಅಷ್ಟೇ ಕಣೇ. ಅದಕ್ಕೆಲ್ಲ ಅಂಗಡಿ ಮುಚ್ಚೋಕಾಗುತ್ತಾ?"

ಮುಚ್ಚದೆ ಬೇರೆ ದಾರಿ ಇಲ್ಲದ ದಿನ ಒಂದು ಶನಿವಾರ ಬಂತು. ಕುರ್ಚಿಯಲ್ಲಿದ್ದವರು ಹತ್ತಿರದ ಶಾಲೆಯ ವಿಜ್ಞಾನದ ಮೇಷ್ಟ್ರು. ಅಂಗಡಿಯ ಹಳೆಯ ಗಿರಾಕಿ, ಮಾತಿನ ಮಲ್ಲ. ಬಲಗೆನ್ನೆ ಆಗಿತ್ತು, ಎಡಗೆನ್ನೆಯ ಮೇಲೆ ನೊರೆ ಹಾಗೇ ಇತ್ತು. ಕುರ್ಚಿ ತಿರುಗಿಸುವಾಗ ಕಾಲಿಡುವ ಕಬ್ಬಿಣದ ಪಟ್ಟಿ ಕಂಬಣ್ಣನ ಎಡಗಾಲಿನ ಗಿಣ್ಣಿನ ಪಕ್ಕ ಉಬ್ಬಿದ್ದ ಗಂಟಿಗೆ ತಾಗಿತು. ನೋವೇನೂ ಆಗಲಿಲ್ಲ. ಚಪ್ಪಲಿ ಒದ್ದೆಯಾದ ಹಾಗನ್ನಿಸಿತು. ನೀರು ಚೆಲ್ಲಿರಬೇಕು ಎಂದುಕೊಂಡು ಕತ್ತಿ ಎತ್ತಿದ.

ಮೇಷ್ಟ್ರು ಕೆಳಗೆ ನೋಡಿದರು. ನೆಲದ ಮೇಲೆ ಕೆಂಪು. ತಟ್ಟನೆ ಎರಡೂ ಕೈಯಲ್ಲಿ ಕೆನ್ನೆ ಮುಚ್ಚಿಕೊಂಡರು.

"ಕಂಬಣ್ಣಾ! ಎಲ್ಲಿ ಕುಯ್ದೆಯಪ್ಪಾ ನನ್ನ?"

"ನಾನಾ? ಕುಯ್ಯೋದಾ?" ಅವನಿಗೆ ಕೋಪವೇ ಬಂತು. "ಮೇಷ್ಟ್ರೇ, ಈ ಅಂಗಡೀಲಿ ಇವತ್ತಿನವರೆಗೆ ಯಾರಿಗಾದ್ರೂ..."

"ಹಾಗಾದ್ರೆ ಇದು ಯಾರ ರಕ್ತ?"

ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದರು. ಕಂಬಣ್ಣನ ಗಿಣ್ಣಿನ ಬಳಿಯಿಂದ ರಕ್ತ ಸಣ್ಣ ಧಾರೆಯಾಗಿ ಚಿಮ್ಮಿ ಚಪ್ಪಲಿ ತುಂಬಿ ಹರಿಯುತ್ತಿತ್ತು. ಅದನ್ನು ಕಂಡ ಮೇಲೆ ಕಂಬ ಅಲುಗಿತು. ಕಣ್ಣು ಕತ್ತಲಿಟ್ಟು ಅವನು ವಾಲಿದ. ಮೇಷ್ಟ್ರು ಕುರ್ಚಿಯಿಂದ ಹಾರಿ ಎದ್ದು, ಅವನ ಕೈಯಿಂದ ಕತ್ತಿ ತೆಗೆದಿಟ್ಟು, ಅವನನ್ನೇ ಕುರ್ಚಿಗೆ ತಳ್ಳಿದರು. ಕುರ್ಚಿಯ ಬೆನ್ನು ಹಿಂದಕ್ಕೆ ಬಾಗಿಸಿ, ಕಾಲೆತ್ತಿ ಸೀಸೆಗಳ ನಡುವೆ ಕಲ್ಲಿನ ಹಲಗೆಯ ಮೇಲಿಟ್ಟರು. ಎರಡು ಸೀಸೆ ಉರುಳಿದವು. ಶಬ್ದ ಕೇಳಿ ಕಿಂಡಿಯಲ್ಲಿ ಇಣುಕಿದ ಹೆಂಡತಿ ಮರುಗಳಿಗೆ ಬಾಗಿಲಲ್ಲಿದ್ದಳು.

"ಬಟ್ಟೆ! ಶುಭ್ರವಾದ ಬಟ್ಟೆ ಇಟ್ಟು ಒತ್ತಮ್ಮ, ಬಿಡಬೇಡ," ಎಂದರು ಮೇಷ್ಟ್ರು.

ಅವಳು ಒಗೆದ ಟವೆಲ್ ಮಡಿಸಿ ಇಟ್ಟು ಅಂಗೈಯಿಂದ ಒತ್ತಿ ಹಿಡಿದಳು. ಕಾಲು ಎತ್ತರದಲ್ಲಿದ್ದುದರಿಂದ ರಕ್ತ ಬೇಗನೆ ಹಿಡಿತಕ್ಕೆ ಬಂತು. ಕಂಬಣ್ಣ ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಕಂಡದ್ದು ತನ್ನದೇ ಮುಖ, ತನ್ನದೇ ಕುರ್ಚಿಯಲ್ಲಿ.

"ಈ ಕುರ್ಚಿ ಇಷ್ಟು ಮೆತ್ತಗಿದೆಯಾ?" ಎಂದ.

"ಬಾಯ್ಮುಚ್ಕೊಂಡು ಮಲಗಿ," ಎಂದಳು ಹೆಂಡತಿ, ಅಳುತ್ತಾ ನಗುತ್ತಾ.

ಆಸ್ಪತ್ರೆಗೆ ಮೂವರೂ ಹೋದರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯಲ್ಲಿ ನೊರೆ ಒಣಗಿ ಹಕ್ಕಳೆಯಾಗಿದ್ದ ಮೇಷ್ಟ್ರನ್ನು ನೋಡಿ ನರ್ಸಮ್ಮ ಅವರೇ ರೋಗಿಯೆಂದುಕೊಂಡು ಮೊದಲು ಅವರ ಕೈಯನ್ನೇ ಹಿಡಿದುಕೊಂಡಳು. "ಇದು ಎಷ್ಟು ದಿನದಿಂದ ಹೀಗಾಗಿದೆ?" ಎಂದು ಕೆನ್ನೆ ತೋರಿಸಿ ಕೇಳಿದಳಂತೆ.

ರಕ್ತನಾಳದ ಡಾಕ್ಟರಮ್ಮ ಎಳೆ ವಯಸ್ಸಿನವಳು. ಗಾಯಕ್ಕೆ ಪಟ್ಟಿ ಕಟ್ಟಿಸಿ, ಕಾಲಿನ ಮೇಲೆ ತಣ್ಣನೆಯ ಅಂಟು ಹಚ್ಚಿ, ಒಂದು ಉಪಕರಣ ಒತ್ತಿ, ಪರದೆಯನ್ನು ಅವನ ಕಡೆ ತಿರುಗಿಸಿದಳು.

"ನನ್ನ ನರ ಹೀಗಿದೆಯಾ ಡಾಕ್ಟರಮ್ಮ?"

"ನರ ಅಲ್ಲ ಕಂಬಣ್ಣ, ರಕ್ತನಾಳ," ಎಂದರು ಬಾಗಿಲ ಬಳಿಯಿಂದ ಮೇಷ್ಟ್ರು. "ನರ ಅಂದ್ರೆ ಸುದ್ದಿ ಒಯ್ಯೋದು. ಇದು ರಕ್ತ ಒಯ್ಯೋದು."

ಡಾಕ್ಟರಮ್ಮ ನಕ್ಕಳು. "ನೋಡಿ, ಈಗ ನಾನು ನಿಮ್ಮ ಮೀನಖಂಡ ಹಿಂಡ್ತೀನಿ." ಹಿಂಡಿದಳು. ಪರದೆಯ ಮೇಲೆ ನೀಲಿ ಬಣ್ಣ ಸರ್‍ರನೆ ಹರಿಯಿತು. "ರಕ್ತ ಮೇಲಕ್ಕೆ ಹೋಯ್ತು. ಈಗ ಬಿಡ್ತೀನಿ." ಬಿಟ್ಟಳು. ಪರದೆ ಕೆಂಪಾಯಿತು.

"ಅಯ್ಯೋ, ವಾಪಸ್ ಬರ್ತಿದೆ!" ಎಂದ ಕಂಬಣ್ಣ.

"ಅದೇ ತೊಂದರೆ. ಹೃದಯ ರಕ್ತವನ್ನ ಪಾದದವರೆಗೆ ತಳ್ಳುತ್ತೆ. ಅಲ್ಲಿಂದ ಮೇಲಕ್ಕೆ ಹತ್ತಿಸೋಕೆ ಅದೊಂದರ ಕೈಲೇ ಆಗಲ್ಲ, ಕಾಲಿನ ಸ್ನಾಯು ಸಹಾಯ ಮಾಡ್ಬೇಕು. ನೀವು ನಡೆದಾಗೆಲ್ಲ ಮೀನಖಂಡ ಒಳಗಿನ ರಕ್ತನಾಳಾನ ಹಿಂಡುತ್ತೆ. ಹಿಂಡಿದ ರಕ್ತ ಕೆಳಗೆ ಜಾರದ ಹಾಗೆ ಮಧ್ಯೆ ಮಧ್ಯೆ ಪುಟ್ಟ ಬಾಗಿಲುಗಳಿವೆ, ಮೇಲಕ್ಕೆ ಮಾತ್ರ ತೆರೆಯೋವು. ನೀವು ದಿನವಿಡೀ ನಿಂತಲ್ಲೇ ನಿಂತ್ರೆ ಹಿಂಡೋರು ಯಾರು? ರಕ್ತ ಅಲ್ಲೇ ಗುಂಪುಗೂಡುತ್ತೆ, ನಾಳ ಹಿಗ್ಗುತ್ತೆ, ಬಾಗಿಲು ಸರಿಯಾಗಿ ಮುಚ್ಚಲ್ಲ. ಆಮೇಲೆ ಈ ಗಂಟು."

"ನಮ್ಮಪ್ಪನಿಗೂ ಇತ್ತು."

"ಮನೆತನದಿಂದಲೂ ಬರುತ್ತೆ, ಕಸುಬಿನಿಂದಲೂ ಬರುತ್ತೆ. ನಿಮಗೆ ಎರಡೂ ಕಡೆಯಿಂದ ಬಂದಿದೆ."

ಸಂಜೆ ಹೊತ್ತು ಕಾಲು ನೀವಿಕೊಳ್ಳುತ್ತಿದ್ದ ಅಪ್ಪ ಕಂಬಣ್ಣನ ಕಣ್ಣ ಮುಂದೆ ಬಂದ. ಪದಕ ಎಂದು ನಗುತ್ತಿದ್ದವನಿಗೆ ಎಷ್ಟು ನೋವಿತ್ತೋ. "ಅವನಿಗೆ ಯಾರೂ ಹೀಗೆ ಪರದೆ ತಿರುಗಿಸಿ ತೋರಿಸ್ಲಿಲ್ಲ," ಎಂದ ಮೆಲ್ಲಗೆ. ಹೆಂಡತಿ ಅವನ ಭುಜದ ಮೇಲೆ ಕೈಯಿಟ್ಟಳು.

ಎಡಗಾಲಿನ ಕೆಟ್ಟ ನಾಳವನ್ನು ಒಳಗಿನಿಂದ ಬಿಸಿ ಕೊಟ್ಟು ಮುಚ್ಚಿಬಿಡಬೇಕು ಎಂದು ಡಾಕ್ಟರಮ್ಮ ಹೇಳಿದಾಗ ಅವನಿಗೆ ಗಾಬರಿಯಾಯಿತು.

"ದಾರೀನೇ ಮುಚ್ಚಿದ್ರೆ ರಕ್ತ ಎಲ್ಲಿ ಹೋಗ್ಬೇಕು ತಾಯಿ?"

"ಒಳಗಡೆ ದೊಡ್ಡ ರಸ್ತೆ ಇದೆ, ಚೆನ್ನಾಗಿಯೂ ಇದೆ, ಈಗ ತಾನೇ ನೋಡಿದೆ. ಇದು ಹಾಳಾದ ಅಡ್ಡರಸ್ತೆ. ಮುಚ್ಚಿದ್ರೆ ಎಲ್ಲಾ ಆ ಕಡೆ ತಿರುಗುತ್ತೆ. ಬಲಗಾಲು ಇನ್ನೂ ಅಷ್ಟು ಕೆಟ್ಟಿಲ್ಲ. ಬಿಗಿ ಕಾಲುಚೀಲ ಹಾಕಿ, ನಡೀರಿ, ಸಾಕು."

ಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಮುಗಿದ ಕೂಡಲೇ ಎದ್ದು ವರಾಂಡದಲ್ಲಿ ನಡೆಯಲು ಹಚ್ಚಿದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಸ್ವಲ್ಪವೇ: ನಡೆಯಿರಿ, ಇಲ್ಲವೇ ಕಾಲು ಮೇಲಿಟ್ಟು ಕೂತುಕೊಳ್ಳಿ, ಕೆಲವು ವಾರ ನಿಂತಲ್ಲೇ ನಿಲ್ಲುವುದು ಮಾತ್ರ ಕೂಡದು. ಹುಟ್ಟಿದಾಗಿನಿಂದ ಅದೊಂದನ್ನೇ ಕಲಿತವನಿಗೆ ಅದೇ ಬೇಡವೆಂದರೆ ಹೇಗೆ? ಕ್ಷೌರದ ಅಂಗಡಿಗೆ ಬೀಗ ಬಿತ್ತು. ಹೂವಿನಂಗಡಿಯ ಮೂಲೆಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕಾಲಿಟ್ಟುಕೊಂಡು, ಲಿಲ್ಲಿ ಹೂಗಳ ನಡುವೆ ಕಂಬಣ್ಣ ಕೂತ. ಗಿರಾಕಿಗಳು ದಿನದಿನಕ್ಕೆ ಉದ್ದವಾಗುತ್ತಿದ್ದ ಗಡ್ಡ ಹೊತ್ತು ಬಂದು ನೋಡಿಕೊಂಡು ಹೋಗುತ್ತಿದ್ದರು. "ಬೇಗ ವಾಸಿಯಾಗ್ಲಿ" ಎಂದು ಪಕ್ಕದ ಬಕೆಟ್ಟಿನಿಂದಲೇ ಹೂ ಕೊಂಡು ಅವನ ಕೈಗೆ ಕೊಡುತ್ತಿದ್ದರು. ಅವನು ಅದನ್ನು ತಿರುಗಿ ಅದೇ ಬಕೆಟ್ಟಿಗೆ ಹಾಕುತ್ತಿದ್ದ.

"ನೀವು ಹೀಗೇ ಕಾಯಿಲೆ ಮಲಗಿದ್ರೆ ನನ್ನ ವ್ಯಾಪಾರ ಬಾಳ ಚೆನ್ನಾಗಿರುತ್ತೆ," ಎಂದು ಹೆಂಡತಿ ಛೇಡಿಸಿದಳು.

ಹಲಗೆಯ ಆ ಕಡೆ ಇಷ್ಟು ವರ್ಷ ಇದ್ದರೂ ಅವಳ ಕೆಲಸವನ್ನು ಅವನು ಹತ್ತಿರದಿಂದ ನೋಡಿದವನಲ್ಲ. ಈಗ ನೋಡಿದ. ದಂಟನ್ನು ನೀರಿನೊಳಗೆ ಮುಳುಗಿಸಿ ಕೊಯ್ಯುತ್ತಿದ್ದಳು. ಗಾಳಿಯಲ್ಲಿ ಕೊಯ್ದರೆ ಕೊಳವೆಯೊಳಗೆ ಗಾಳಿಯ ಗುಳ್ಳೆ ಸೇರಿಕೊಂಡು ನೀರಿನ ಎಳೆ ಕಡಿದುಹೋಗುತ್ತದಂತೆ. ಕತ್ತು ಬಗ್ಗಿಸಿದ್ದ ಗುಲಾಬಿಯೊಂದನ್ನು ಹಾಗೆ ಮತ್ತೆ ಕೊಯ್ದು ನೀರಿಗಿಟ್ಟಳು. ಟೀ ಕುಡಿದು ಹರಟೆ ಹೊಡೆಯುವಷ್ಟರಲ್ಲಿ ಅದು ತಲೆಯೆತ್ತಿತು.

"ನಿನ್ನದೂ ಡಾಕ್ಟರಗಿರಿಯೇ ಕಣೇ!" ಎಂದ ಕಂಬಣ್ಣ, ಬಾಯಿ ತೆರೆದು.

ಆ ವಾರ ಮೇಷ್ಟ್ರು ಒಂದು ಬೇಡಿಕೆ ತಂದರು. ಸೋಮವಾರ ತರಗತಿಯಲ್ಲಿ ಗಿಡದೊಳಗೆ ನೀರು ಹೇಗೆ ಸಾಗುತ್ತದೆ ಎಂಬ ಪಾಠ. ಒಂದೇ ಬಿಳಿ ಸೇವಂತಿಗೆಯಲ್ಲಿ ಅರ್ಧ ಕೆಂಪು, ಅರ್ಧ ನೀಲಿ ಬರಿಸಿ ಕೊಡಲಾದೀತೇ?

ಬಣ್ಣದ ನೀರಿಗಿಟ್ಟು ಬಿಳಿ ಹೂವಿಗೆ ಬಣ್ಣ ಬರಿಸುವುದು ಅವಳಿಗೆ ಗೊತ್ತಿತ್ತು. ಒಂದೇ ಹೂವಿಗೆ ಎರಡು ಬಣ್ಣ ಎಂದೂ ಮಾಡಿರಲಿಲ್ಲ. "ದಂಟನ್ನ ಉದ್ದಕ್ಕೆ ಎರಡು ಸೀಳು ಮಾಡಿ, ಒಂದೊಂದು ಸೀಳನ್ನ ಒಂದೊಂದು ಲೋಟಕ್ಕೆ ಇಳಿಬಿಡ್ಬೇಕು ಮೇಷ್ಟ್ರೇ. ಆದ್ರೆ ಸೀಳೋದು ಕಷ್ಟ. ಒಂದು ಎಳೆ ಆಚೀಚೆ ಆದ್ರೂ ಹರಿದುಹೋಗುತ್ತೆ." ಕತ್ತರಿಯಲ್ಲಿ ಪ್ರಯತ್ನಿಸಿದಳು. ದಂಟು ನಾರುನಾರಾಯಿತು. ಇನ್ನೊಂದು. ಅದೂ ಹೋಯಿತು. ಆಮೇಲೆ ಗಂಡನ ಮುಖ ನೋಡಿದಳು.

ಕಂಬಣ್ಣನಿಗೆ ಅರ್ಥವಾಯಿತು. ಅಪ್ಪನ ಕತ್ತಿ ಗಡ್ಡಕ್ಕಲ್ಲದೆ ಬೇರೆ ಯಾವುದಕ್ಕೂ ಬಳಕೆಯಾಗಿರಲಿಲ್ಲ. ಅವನು ಬಕೆಟ್ಟಿನ ಮೇಲಿನಿಂದ ಕಾಲಿಳಿಸಿದ. ಆಮೇಲೆ, "ಕಿಂಡಿಯಿಂದ ಕೈ ಹಾಕು, ಬಲಗಡೆ ಮೊಳೆಗೆ ನೇತು ಹಾಕಿದೀನಿ," ಎಂದ.

ತೊಡೆಯ ಮೇಲೆ ಒಂದು ಹಲಗೆ ಇಟ್ಟುಕೊಂಡು, ದಂಟನ್ನು ಅದಕ್ಕೆ ಒರಗಿಸಿ, ಉಸಿರು ಬಿಗಿಹಿಡಿದು, ಮಣಿಕಟ್ಟು ಮಾತ್ರ ಆಡಿಸಿದ. ಮೊದಲನೆಯದು ತುದಿಯವರೆಗೂ ಸೀಳಿ ಹೂವೇ ಎರಡಾಗಿ ಬಿತ್ತು. ಅದನ್ನು ಕಂಡು ಮೇಷ್ಟ್ರು ತಮ್ಮ ಕೆನ್ನೆ ಸವರಿಕೊಂಡರು. ಎರಡನೆಯದು ಸರಿಯಾಗಿ ಬಂತು, ಹೂವಿನ ಬುಡಕ್ಕೆ ಬೆರಳಗಲ ಉಳಿದಾಗ ನಿಂತಿತು. ಒಂದು ಸೀಳು ಕೆಂಪು ನೀರಿಗೆ, ಒಂದು ನೀಲಿಗೆ. ಬೆಳಿಗ್ಗೆ ಅಂಗಡಿ ತೆಗೆದು ನೋಡಿದರೆ ಎಸಳುಗಳ ಅಂಚಿನಲ್ಲಿ ಕೂದಲೆಳೆಯಂಥ ಗೆರೆಗಳು, ಈ ಕಡೆ ಕೆಂಪು, ಆ ಕಡೆ ನೀಲಿ.

ಕಂಬಣ್ಣ ಹೂವನ್ನು ತಿರುಗಿಸಿ ತಿರುಗಿಸಿ ನೋಡಿದ. ನೋಡಲು ಬಂದ ಮೇಷ್ಟ್ರನ್ನು ಕೇಳಿದ: "ಇದನ್ನ ಮೇಲಕ್ಕೆ ತಳ್ಳಿದ್ದು ಯಾರು? ಇದಕ್ಕೆ ಮೀನಖಂಡ ಇಲ್ಲ, ನಡೆಯೋದೂ ಇಲ್ಲ."

"ತಳ್ಳೋರು ಯಾರೂ ಇಲ್ಲ, ಎಳೆಯೋರು ಇದಾರೆ. ಎಲೆಯಿಂದ, ಎಸಳಿನಿಂದ ನೀರು ಆವಿಯಾಗಿ ಹೊರಗೆ ಹೋಗ್ತಾ ಇರುತ್ತೆ. ಹೋದ ನೀರು ಹಿಂದಿನ ನೀರನ್ನ ಎಳ್ಕೊಳ್ಳುತ್ತೆ, ಕೈಕೈ ಹಿಡ್ಕೊಂಡು ಸಾಲಾಗಿ ಹೋಗೋ ಮಕ್ಕಳ ಹಾಗೆ. ಎಲೇಲಿ ತಯಾರಾದ ಆಹಾರ ಬೇರೆ ಕಡೆ ಹೋಗೋಕೆ ಬೇರೆಯೇ ಕೊಳವೆ ಇದೆ. ಹೂವಿಗೆ ಹೃದಯ ಅಂತ ಒಂದು ಇಲ್ಲವೇ ಇಲ್ಲ."

"ಯಾರ್ರೀ ಹೇಳಿದ್ದು ಹೂವಿಗೆ ಹೃದಯ ಇಲ್ಲ ಅಂತ?" ಎಂದು ಅವಳು ಸೊಂಟಕ್ಕೆ ಕೈ ಇಟ್ಟು ನಿಂತಳು.

"ಪುಸ್ತಕದಲ್ಲಿದೆ ಕಣಮ್ಮ," ಎಂದು ಮೇಷ್ಟ್ರು ಹೂವೆತ್ತಿಕೊಂಡು ಜಾಗ ಖಾಲಿ ಮಾಡಿದರು.

ಅಂಗಡಿಯ ಬಾಗಿಲು ಮತ್ತೆ ತೆಗೆದ ದಿನ ಗಡ್ಡದವರ ಸಾಲು ಔಷಧಿ ಅಂಗಡಿ ದಾಟಿತ್ತು. ಹೆಂಡತಿ ಒಂದು ಎತ್ತರದ ಸ್ಟೂಲು ತಂದಿಟ್ಟಿದ್ದಳು. ಕಂಬಣ್ಣ ಕೂತು ಕತ್ತಿ ಹಿಡಿದ. ಕೈ ಓಡಲಿಲ್ಲ. "ಕೂತ್ಕೊಂಡು ಗಡ್ಡ ಮಾಡೋದು ಮಲಗಿ ಊಟ ಮಾಡಿದ ಹಾಗಾಗುತ್ತೆ ಕಣೇ," ಎಂದು ಎದ್ದುಬಿಟ್ಟ. ಕಿಂಡಿಯಲ್ಲಿ ಎರಡು ಕಣ್ಣು ಕಾಣಿಸಿಕೊಂಡವು. ಆ ಕಣ್ಣುಗಳಿಗೆ ಹೆದರಿ ಅವನೇ ಒಂದು ಉಪಾಯ ಹುಡುಕಿದ. ಕತ್ತಿ ಕೆನ್ನೆ ಬಿಟ್ಟು ನೊರೆ ಒರೆಸಿಕೊಳ್ಳಲು ಬಂದಾಗೆಲ್ಲ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಮತ್ತೆ ಇಳಿಯುವುದು. ಎತ್ತಿದಾಗ ಮೀನಖಂಡ ಗಟ್ಟಿಯಾಗಿ ಹಿಂಡುವುದು ಅವನಿಗೆ ಗೊತ್ತಾಗುತ್ತಿತ್ತು. ಗಿರಾಕಿ ಎದ್ದುಹೋಗಿ ಇನ್ನೊಬ್ಬ ಕೂರುವ ನಡುವೆ ಬೀದಿಯ ಕೊನೆಯವರೆಗೂ ಒಂದು ಸುತ್ತು.

ಮೊದಲ ಗಿರಾಕಿ ಕನ್ನಡಿಯಲ್ಲಿ ನೋಡಿ ಹೌಹಾರಿದ. ತನ್ನ ತಲೆಯ ಹಿಂದೆ ಕಂಬಣ್ಣನ ತಲೆ ಏಳುತ್ತಿದೆ, ಮುಳುಗುತ್ತಿದೆ!

"ಕಂಬಣ್ಣಾ, ಏನೋ ಇದು? ಹಡಗಿನಲ್ಲಿ ಕೂತ ಹಾಗಿದೆ!"

"ನಿಂತಲ್ಲೇ ನಿಲ್ಲಬೇಡ ಅಂತ ಡಾಕ್ಟರಮ್ಮ ಹೇಳಿದಾರೆ. ಹೆದರಬೇಡಿ, ಕತ್ತಿ ನಿಮ್ಮ ಕೆನ್ನೆ ಮೇಲಿರೋವಾಗ ನಾನು ಕಂಬವೇ."

ವಾರ ಕಳೆಯುವಷ್ಟರಲ್ಲಿ ಅದು ಅಂಟುರೋಗವಾಯಿತು. ಬೆಂಚಿನಲ್ಲಿ ಜಾಗ ಸಿಗದೆ ನಿಂತವರೂ ಹಿಮ್ಮಡಿ ಎತ್ತಿ ಇಳಿಸತೊಡಗಿದರು. ದಿನವಿಡೀ ನಿಂತಿರುತ್ತಿದ್ದ ಔಷಧಿ ಅಂಗಡಿಯ ಗುಮಾಸ್ತೆ, ಚೌಕದ ಸಂಚಾರಿ ಪೊಲೀಸಪ್ಪ, ಇಬ್ಬರೂ ಬಂದು ಒಂದೊಂದು ದಿನ ಪ್ಯಾಂಟಿನ ಅಂಚು ಮಡಚಿ ಗುಟ್ಟಾಗಿ ತಮ್ಮ ಕಾಲು ತೋರಿಸಿದರು. "ನನಗಲ್ಲ, ಆ ಡಾಕ್ಟರಮ್ಮನಿಗೆ ತೋರಿಸಿ. ಪದಕ ಅಂತ ಇಟ್ಕೋಬೇಡಿ," ಎಂದು ಇಬ್ಬರನ್ನೂ ಆಸ್ಪತ್ರೆಗೆ ಅಟ್ಟಿದ. ಪೊಲೀಸಪ್ಪ ಚೌಕದಲ್ಲಿ ತುದಿಗಾಲಲ್ಲಿ ಏಳುವಾಗ ವಾಹನದವರು ಯಾರೋ ದೊಡ್ಡವರು ಬರುತ್ತಿದ್ದಾರೆಂದು ಇಣುಕಿ ನೋಡಿ ನಿಧಾನ ಮಾಡುತ್ತಿದ್ದರು.

ಇದೆಲ್ಲ ಕೇಳಿದ ಮೇಷ್ಟ್ರಿಗೆ ಸುಮ್ಮನಿರಲಾಗಲಿಲ್ಲ. "ಗಿಡದ ಪಾಠ ಆಯ್ತು. ಈಗ ಪ್ರಾಣಿಗಳದ್ದು. ನೀವಿಬ್ಬರೂ ತರಗತಿಗೆ ಬರಬೇಕು. ಅಮ್ಮ ಹೂ ತರ್ಲಿ, ನೀನು ಕಾಲು ತಾ."

"ನಾನು ಶಾಲೆ ಬಿಟ್ಟು ಓಡಿಬಂದವನು ಮೇಷ್ಟ್ರೇ."

"ಈಗ ನಡ್ಕೊಂಡು ವಾಪಸ್ ಬಾ. ಡಾಕ್ಟರೂ ಅದನ್ನೇ ಹೇಳಿರೋದು."

ತರಗತಿಯಲ್ಲಿ ಮೇಜಿನ ಮುಂದೆ ನಿಂತಾಗ ಕಂಬಣ್ಣ ಅದರ ಅಂಚು ಹಿಡಿದುಕೊಂಡ. ಅಷ್ಟು ಕಣ್ಣುಗಳು ಒಟ್ಟಿಗೆ ಅವನನ್ನು ನೋಡಿದ್ದೇ ಇಲ್ಲ. ಅವನ ಗಿರಾಕಿಗಳೆಲ್ಲ ಕಣ್ಣು ಮುಚ್ಚಿ ಕೂರುವವರು. ಬಲಗಾಲಿನ ಕಾಲುಚೀಲ ಇಳಿಸಿ ತೋರಿಸಿದ. "ಅಯ್ಯಪ್ಪಾ, ನರ!" ಎಂದಿತು ಮುಂದಿನ ಸಾಲು.

"ನರ ಅಲ್ಲ, ರಕ್ತನಾಳ," ಎಂದ ಕಂಬಣ್ಣ ಥಟ್ಟನೆ. ಮೇಷ್ಟ್ರು ಮೀಸೆಯಡಿಯಲ್ಲಿ ನಕ್ಕರು. ಅಲ್ಲಿಂದಾಚೆಗೆ ಅವನ ನಾಲಿಗೆ ಸಡಿಲವಾಯಿತು. ಬಾಗಿಲುಗಳ ಕತೆ ಹೇಳಿದ, ಅಪ್ಪನ ಕತೆ ಹೇಳಿದ, ಮೇಷ್ಟ್ರ ಅರ್ಧ ಗಡ್ಡದ ಕತೆ ಹೇಳಿದಾಗ ತರಗತಿ ನಕ್ಕು ನಕ್ಕು ಉರುಳಿತು. ಎಲ್ಲರನ್ನೂ ನಿಲ್ಲಿಸಿ ಹಿಮ್ಮಡಿ ಎತ್ತಿಸಿದ. ತಮ್ಮ ತಮ್ಮ ಮೀನಖಂಡ ಮುಟ್ಟಿ ನೋಡಿಕೊಳ್ಳಲು ಹೇಳಿದ. ಕೆಳಗಿನ ತರಗತಿಯಿಂದ, ಮೇಲೇನು ಧಡಧಡ ಎಂದು ಕೇಳಲು ಇನ್ನೊಬ್ಬ ಮೇಷ್ಟ್ರು ಬಂದು, ಅವರೂ ಎರಡು ಸಲ ಹಿಮ್ಮಡಿ ಎತ್ತಿ ನೋಡಿ ಹೋದರು.

ಕೊನೆಯಲ್ಲಿ ಕಿಟಕಿ ಪಕ್ಕದ ಒಬ್ಬ ಹುಡುಗಿ ಅವನ ಹೆಂಡತಿ ತಂದಿದ್ದ ಎರಡು ಬಣ್ಣದ ಸೇವಂತಿಗೆಯನ್ನು ಹಿಡಿದುಕೊಂಡೇ ಎದ್ದಳು.

"ಗಿಡವೂ ಯಾವಾಗ್ಲೂ ನಿಂತೇ ಇರುತ್ತಲ್ಲ ಸಾರ್. ಅದಕ್ಕೆ ಯಾಕೆ ಕಾಲಲ್ಲಿ ಗಂಟು ಬರಲ್ಲ?"

ಮೇಷ್ಟ್ರು ಗಲ್ಲ ಕೆರೆದುಕೊಂಡರು. "ಒಳ್ಳೇ ಪ್ರಶ್ನೆ. ನಮ್ಮ ರಕ್ತ ಸುತ್ತು ಹಾಕುತ್ತೆ. ಹೋದದ್ದು ಹೃದಯಕ್ಕೆ ತಿರುಗಿ ಬರಲೇಬೇಕು. ಗಿಡದಲ್ಲಿ ಬೇರಿನಿಂದ ಹತ್ತಿದ ನೀರಿನಲ್ಲಿ ಹೆಚ್ಚಿನದೆಲ್ಲ ಎಲೆಯಿಂದ ಗಾಳಿಗೆ ಹೊರಟುಹೋಗುತ್ತೆ. ಮೇಲೆ ಸದಾ ಎಳೆತ ಇದೆ, ಹಾಗಾಗಿ ಕೆಳಗೆ ಗುಂಪು ಕಟ್ಟಲ್ಲ."

ಹುಡುಗಿಗೆ ಅಷ್ಟು ಸಾಲಲಿಲ್ಲ. ಕಂಬಣ್ಣನ ಕಡೆ ತಿರುಗಿದಳು. "ನೀವೂ ಗಿಡ ಆಗಿದ್ರೆ ಚೆನ್ನಾಗಿರ್ತಿತ್ತಾ?"

ಕಂಬಣ್ಣ ಯೋಚಿಸಿದ. ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದ ಹೆಂಡತಿಯನ್ನೊಮ್ಮೆ ನೋಡಿದ. "ಆಗ ಇವಳು ನನ್ನನ್ನೂ ದಿನಾ ಬೆಳಿಗ್ಗೆ ಕೊಯ್ದು ನೀರಿಗೆ ಹಾಕ್ತಿದ್ಲು ಕಣಮ್ಮ," ಎಂದ.

ಗಂಟೆ ಹೊಡೆದದ್ದು ಆ ನಗುವಿನಲ್ಲಿ ಯಾರಿಗೂ ಕೇಳಲಿಲ್ಲ.

ಈಗ ಅವನಿಗೆ ಅರವತ್ತರ ಹತ್ತಿರ. ಕಾಲುಗಳು ಸಂಜೆ ಹೊತ್ತು ಸ್ವಲ್ಪ ನೋಯುವುದುಂಟು. ಕಾಲುಚೀಲ ಹಾಕುವುದು ಬೇಸರ ಎಂದು ಗೊಣಗುತ್ತಾನೆ, ಹಾಕುತ್ತಾನೆ. ಬೆಳಿಗ್ಗೆ ಹೆಂಡತಿಯ ಜೊತೆ ಸಗಟು ಹೂವಿನ ಮಾರುಕಟ್ಟೆಗೆ ನಡೆದೇ ಹೋಗುತ್ತಾನೆ. ಮೊದಲೆಲ್ಲ ಅವಳೊಬ್ಬಳೇ ಹೋಗಿಬರುತ್ತಿದ್ದ ದಾರಿ ಅದು. ಮಾರುಕಟ್ಟೆಯವರೆಲ್ಲ ಅವಳನ್ನು ಹೆಸರು ಹಿಡಿದು ಕರೆದು ಮಾತಾಡಿಸುತ್ತಾರೆ, ಅವನನ್ನು "ಹೂವಿನಕ್ಕನ ಮನೆಯವರು" ಎನ್ನುತ್ತಾರೆ. ಅದಕ್ಕೆ ಅವನಿಗೆ ಒಳಗೊಳಗೇ ಖುಷಿ.

ಬರುವಾಗ ಎರಡು ದಾರಿ. ಕೆಳಗಿನದು ಸಮತಟ್ಟು, ಮೇಲಿನದು ಮೆಟ್ಟಿಲು ಹತ್ತಿ ಸುತ್ತಿಕೊಂಡು ಬರಬೇಕು. ಅವಳು ಸುಮ್ಮನೆ ಮೆಟ್ಟಿಲ ಕಡೆ ತಿರುಗುತ್ತಾಳೆ.

"ಇವತ್ತೊಂದು ದಿನ ಕೆಳಗೆ ಹೋಗೋಣ ಕಣೇ, ಕೈಯಲ್ಲಿ ಬಕೆಟ್ಟಿದೆ."

"ಬಕೆಟ್ಟು ನನಗೆ ಕೊಡಿ, ಕಾಲು ನೀವೇ ತನ್ನಿ."

ಬಕೆಟ್ಟನ್ನು ಅವನು ಕೊಡುವುದಿಲ್ಲ. ಗೊಣಗಿಕೊಂಡು ಹತ್ತುತ್ತಾನೆ, ಅವಳ ಹಿಂದೆ ಹಿಂದೆ. ಅರ್ಧ ಹತ್ತುವಷ್ಟರಲ್ಲಿ ಮಾತು ಮೇಷ್ಟ್ರ ಕಡೆಗೋ ಹೊಸ ಲಿಲ್ಲಿಯ ಕಡೆಗೋ ತಿರುಗಿ, ಇನ್ನರ್ಧ ಹತ್ತಿದ್ದು ಅವನಿಗೆ ಗೊತ್ತೇ ಆಗಿರುವುದಿಲ್ಲ.